ಜೋಲಿಯ ಮೇಲಿನ ಕಡಲ್ಗುದುರೆ

ನಮ್ಮ ಬೊಹೋಲ್ ದ್ವೀಪದ ಕೊಲ್ಲಿ ಈಚೆಗೆ ಮೌನವಾಗಿದೆ. ನೀರಡಿಯ ಹುಲ್ಲು ಮೊದಲಿನಂತೆಯೇ ತೂಗುತ್ತದೆ, ಅದಕ್ಕೆ ಸುತ್ತಿಕೊಳ್ಳುವ ಬಾಲಗಳಿಲ್ಲ. ಕಡಲ್ಗುದುರೆಗಳು ಎಲ್ಲಿ ಹೋದವು ಎಂದು ಇಲ್ಲಿನ ಬೆಸ್ತರು ಒಬ್ಬರನ್ನೊಬ್ಬರು ಕೇಳುತ್ತಾರೆ. ನಾವು ತಾಯಂದಿರನ್ನು ಕೊಂದವರಲ್ಲ. ಹೊಟ್ಟೆ ತೆಳ್ಳಗಿರುವುದು ಹೆಣ್ಣು. ಅದು ಕೈಗೆ ಬಂದರೆ ಹಣೆಗೊತ್ತಿಕೊಂಡು "ಹೋಗಿ ಬಾ ತಾಯಿ" ಎಂದು ಬಿಡುವುದು ಅಜ್ಜಿಯರ ಕಾಲದ ಪದ್ಧತಿ. ಹೊಟ್ಟೆ ಉಬ್ಬಿದ್ದು ಗಂಡು, ತಿಂದು ಕೊಬ್ಬಿದ ಹೊಟ್ಟೆಬಾಕ. ಅದು ಬುಟ್ಟಿಗೆ.

ಬೆಸ್ತ ಎಲ್ಪಿದಿಯೊ ಹಿಡಿದ ಹೊಟ್ಟೆಬಾಕಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದು ಒಣಗಿ, ಅವನ ಮನೆಯ ಜೋಲಿಯ ಮೇಲೆ ನೇತಾಡುತ್ತಿತ್ತು. ಹುಟ್ಟಲಿರುವ ಮಗುವಿಗೆ ದೃಷ್ಟಿ ತಾಗದಿರಲಿ ಎಂದು ಕಟ್ಟಿದ್ದು. ಗಾಳಿ ಬಂದಾಗ ಅದರ ಹೊಟ್ಟೆಯೊಳಗೆ ಮರಳು ಜರುಗಿದಂತೆ ಸಣ್ಣ ಸದ್ದಾಗುತ್ತಿತ್ತು. ಅವನ ಹೆಂಡತಿ ನಿಲ್ಡಾ ತುಂಬು ಬಸುರಿ. ಆ ಸದ್ದಾದಾಗಲೆಲ್ಲ ಒಳಗಿನ ಮಗು ಒದೆಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಒಂದು ಬೆಳಗ್ಗೆ ಸೂಲಗಿತ್ತಿ ಲೂಮಿಂಗ್ ನಿಲ್ಡಾಳನ್ನು ನೋಡಲು ಬಂದಳು. ಕೊಲ್ಲಿ ಕಾಯುವ ಸಮಿತಿಯಲ್ಲೂ ಇರುವವಳು, ಊರಿಗೆಲ್ಲ ಮನಾಂಗ್, ಅಂದರೆ ಅಕ್ಕ. ಮೆಟ್ಟಿಲ ಬಳಿ ಉಪ್ಪುನೀರಿನ ಬೋಗುಣಿಯಲ್ಲಿದ್ದ ಕಡಲ್ಗುದುರೆಯನ್ನು ಕಂಡು ಅಲ್ಲೇ ಕುಕ್ಕರಿಸಿದಳು.

"ಎಲ್ಪಿದಿಯೊ, ಇದನ್ನ ಎಲ್ಲಿ ಹಿಡ್ದೆ?"

"ಬಂಡೆ ಪಕ್ಕದ ಹುಲ್ಲಲ್ಲಿ, ಮನಾಂಗ್. ಈ ತಿಂಗಳು ಸಿಕ್ಕಿದ್ದು ಇದೊಂದೇ. ಬಿಸಿಲೇರ್ಲಿ, ಒಣಗಿಸ್ತೀನಿ."

"ಬಸುರೀನ ಬಿಸಿಲಿಗೆ ಹಾಕ್ತೀಯೇನೋ?"

ಎಲ್ಪಿದಿಯೊ ನಕ್ಕುಬಿಟ್ಟ. "ಗಂಡು ಅದು! ಬಸುರೀರನ್ನ ನೋಡಿ ನೋಡಿ ನಿಮ್ಮ ಕಣ್ಣು ಮಂಜಾಗಿದೆ. ನಾಳೆ ನನ್ನ ಹೊಟ್ಟೆನೂ ಮುಟ್ಟಿ ನೋಡ್ತೀರಿ!"

"ನಿನ್ನ ಹೊಟ್ಟೇಲಿರೋದು ತೆಂಗಿನ ಹೆಂಡ," ಒಳಗಿನಿಂದ ನಿಲ್ಡಾ ಅಂದಳು.

"ಗಂಡೇ ಕಣಪ್ಪಾ, ಆದ್ರೆ ಹೊರೋದು ಅದೇ," ಎಂದಳು ಲೂಮಿಂಗ್. "ಹೊಟ್ಟೆ ಮುಂದೆ ಚೀಲ ಇದೆ ನೋಡು. ಬೆಳಗಾದ್ರೆ ಜೋಡಿ ಎರಡೂ ಬಾಲ ಹೆಣೆದು ಕುಣೀತವೆ. ಹೆಣ್ಣು ತನ್ನ ಮೊಟ್ಟೆನ ಆ ಚೀಲದೊಳಗೆ ಇಳಿಸ್ತಾಳೆ. ಗಂಡಿನ ಬೀಜ ಸೇರಿ ಬಸಿರು ಕಟ್ಟೋದು ಅಲ್ಲೇ. ಚೀಲದ ಗೋಡೆಗೆ ಅಂಟ್ಕೊಂಡು, ಅಪ್ಪನ ರಕ್ತದಿಂದ ಉಸಿರು ತಗೊಂಡು ಮರಿಗಳು ಬೆಳೀತವೆ."

"ಹಾಗಾದ್ರೆ ನಾವು ಬಿಟ್ಟ ತಾಯಂದಿರು?" ಎಂದ ಎಲ್ಪಿದಿಯೊ.

"ಕಾಯ್ತಾರೆ. ಬೆಳಗಾಗುತ್ಲೂ ಅದೇ ಹುಲ್ಲಿನ ಹತ್ರ, ಮೈಬಣ್ಣ ಏರಿಸ್ಕೊಂಡು, ಒಬ್ಬೊಬ್ಬರೇ. ಮೊಟ್ಟೆ ಮಾಗುತ್ತೆ, ಚೀಲ ಬರಲ್ಲ. ಕೊನೆಗೆ ಮರಳಿಗೆ ಸುರಿದುಬಿಡ್ತಾರೆ. ಕಣ್ಣಾರೆ ಕಂಡಿದೀನಿ. ಈ ಅಪ್ಪನೂ ಹೋದ್ರೆ ಕೊಲ್ಲೀಲಿ ಬರೀ ಕಾಯೋರೇ ಉಳೀತಾರೆ."

ಗಾಳಿ ಬೀಸಿತು. ಜೋಲಿಯ ಮೇಲೆ ಮರಳು ಜರುಗಿದ ಸದ್ದಾಯಿತು.

"ಮನಾಂಗ್... ಅದರೊಳಗಿರೋದು ಮರಳಲ್ವಾ?" ನಿಲ್ಡಾ ಕೇಳಿದಳು.

ಲೂಮಿಂಗ್ ಬೋಗುಣಿಯಲ್ಲಿದ್ದ ಗಂಡಿನ ಉಬ್ಬಿದ ಹೊಟ್ಟೆಯತ್ತ ಬೆರಳು ತೋರಿಸಿದಳು. ಎಲ್ಪಿದಿಯೊ ಬೋಗುಣಿ ಎತ್ತಿಕೊಂಡು ದೋಣಿಗೆ ನಡೆದ. "ಸುಮ್ನೆ ನೋಡ್ಬರ್ತೀನಿ, ಅಷ್ಟೇ," ಅಂದ. ಲೂಮಿಂಗ್ ಕೂಡ ಹತ್ತಿದಳು.

ಬಂಡೆಯ ಪಕ್ಕ ನೀರು ಗಾಜಿನಂತಿತ್ತು. ಕೆಳಗೆ ಒಂದು ಹೆಣ್ಣು ಹುಲ್ಲಿನ ಒಂದೇ ಎಸಳನ್ನು ಸುತ್ತುತ್ತಿತ್ತು. ಜೊತೆಗೆ ಯಾರೋ ಇರುವಂತೆ ವಾಲಿ, ತಿರುಗಿ, ಬಣ್ಣ ಏರಿಸಿಕೊಂಡು ಕುಣಿಯುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ.

ಎಲ್ಪಿದಿಯೊ ಗಂಡನ್ನು ಅಂಗೈಯಲ್ಲಿ ಹಿಡಿದು ನೀರಿಗಿಳಿಸಿದ. ಅದು ಅಲ್ಲಾಡಲಿಲ್ಲ. ಆಮೇಲೆ ಹೊಟ್ಟೆನೋವು ಬಂದವರಂತೆ ಮುಂದಕ್ಕೆ ಮಡಚಿಕೊಂಡಿತು.

"ಕೈ ತೆಗೀಬೇಡ," ಲೂಮಿಂಗ್ ಪಿಸುಗುಟ್ಟಿದಳು. "ನೋವು ಬಂದಿದೆ."

ಚೀಲದ ಬಾಯಿಂದ ಹೊಗೆಯಂತೆ ಏನೋ ಹೊರಟಿತು. ಹೊಗೆಯಲ್ಲ. ಕೂದಲೆಳೆಯಷ್ಟು ಸಣ್ಣ ಕುದುರೆಗಳು. ಪ್ರತಿಯೊಂದಕ್ಕೂ ಮುಖವಿತ್ತು, ಕಣ್ಣಿತ್ತು. ಒಂದು ಮರಿ ಅವನ ಬೆರಳಿನ ರೋಮಕ್ಕೆ ಬಾಲ ಸುತ್ತಿ ಗಟ್ಟಿಯಾಗಿ ಹಿಡಿದುಕೊಂಡಿತು. ಅದು ತಾನಾಗಿ ಬಿಡುವವರೆಗೂ ಎಲ್ಪಿದಿಯೊ ಕೈ ತೆಗೆಯಲಿಲ್ಲ.

ಮನೆಗೆ ಬಂದವನೇ ಜೋಲಿಯ ಕಡೆ ನಡೆದ. ಅಲ್ಲಿ ಬರಿಯ ದಾರವಿತ್ತು. ಆ ಒಣಗಿದ ತಂದೆಯನ್ನು ನಿಲ್ಡಾ ಆಗಲೇ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಒಂದಿಷ್ಟೂ ಅಲುಗದಂತೆ.

ಅಕ್ಕಂದಿರೇ, ಅಣ್ಣಂದಿರೇ, ತಾಯಿಯನ್ನು ಬಿಟ್ಟೆವಲ್ಲ ಎಂದು ಸಮಾಧಾನ ಪಡಬೇಡಿ. ಹೊಟ್ಟೆ ಉಬ್ಬಿದ್ದು ಕೈಗೆ ಬಂದರೆ ಅದನ್ನೂ ಹಣೆಗೊತ್ತಿಕೊಂಡು, ಹಿಡಿದ ಹುಲ್ಲಿಗೇ ಬಿಡಿ. ಬೇರೆ ಕಡೆ ಬಿಟ್ಟರೆ ಕಾಯುತ್ತಿರುವವಳು ಅದಕ್ಕೆ ಸಿಗುವುದಿಲ್ಲ. ನಿಮ್ಮ ಮನೆಯ ಜೋಲಿಯ ಮೇಲೂ ಒಂದು ನೇತಾಡುತ್ತಿದ್ದರೆ, ಗಾಳಿ ಬಂದಾಗ ಒಮ್ಮೆ ಕಿವಿಗೊಡಿ.