ಮೂರು ಗಂಟೆಯ ಮರಿಗಳು

ಚಪ್ಪಾಳೆ ಇನ್ನೂ ಕಿವಿಯಿಂದ ಇಳಿದಿಲ್ಲ, ನೆಲಮಾಳಿಗೆಯ ಇಲಿಕೋಣೆಗೆ ಬಂದು ಬಾಗಿಲು ಹಾಕಿಕೊಂಡರೂ ಪಟಪಟ ಅನ್ನುತ್ತಿದೆ, ಸೇದಿ ಹೋಗಲಿ ಅವರ ಕೈಗಳು, ಮೇಲಿನ ಸಭೆಯಲ್ಲಿ ನಲವತ್ತು ಜನ ಬಿಸ್ಕತ್ತು ಕೆಳಗಿಟ್ಟು ತಟ್ಟಿದರು, ಆ ಡಾಕ್ಟರ್ ಮಾರೈಸ್ ನಗುತ್ತ ನನ್ನ ಕಡೆ ಕೈ ತೋರಿಸಿ, ಡೋರೀನ್ ಎದ್ದು ನಿಲ್ಲಿ, ನಾಚ್ಕೋಬೇಡಿ, ಹನ್ನೊಂದು ವರ್ಷದಿಂದ ಒಂದೊಂದು ಮರೀನೂ ತಾಯಿಯಿಂದ ಬಿಡಿಸಿದ್ದು ಇವರ ಕೈ, ಇವರಿಲ್ದಿದ್ರೆ ಈ ಸಂಶೋಧನೇನೇ ಇಲ್ಲ. ಎದ್ದು ನಿಂತೆ, ಸಂತೆಗೆ ತಂದ ದನದ ಹಾಗೆ. ಹನ್ನೊಂದು ವರ್ಷ ಮರಿ ಎತ್ತಿದವಳಿಗೆ ಯಾತಕ್ಕೆ ಎತ್ತುತ್ತಿದ್ದೇನೆ ಅನ್ನುವುದು ಇವತ್ತು ಗೊತ್ತಾಯಿತು, ಅಲ್ಲಿಯತನಕ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಹುಟ್ಟಿದ ಎರಡನೇ ದಿನದಿಂದ ಎರಡು ವಾರ, ದಿನಕ್ಕೆ ಮೂರು ಗಂಟೆ ತಾಯಿಯಿಂದ ದೂರ, ಹಾಳೆಯಲ್ಲಿ ಬರೆ, ಸಹಿ ಹಾಕು, ಬೆಳೆದ ಮೇಲೆ ಮೇಲಂತಸ್ತಿಗೆ ಒಯ್ಯುತ್ತಿದ್ದರು, ಅಷ್ಟೇ. ಇವತ್ತು ಪರದೆಯ ಮೇಲೆ ತೋರಿಸಿದರು — ನೀರು ತುಂಬಿದ ಗಾಜಿನ ಜಾಡಿಗೆ ಬಿಟ್ಟರೆ ತಾಯಿಯ ಜೊತೆ ಬೆಳೆದದ್ದು ಕೈಕಾಲು ಬಡಿಯುತ್ತದೆ, ನನ್ನ ಕೈ ದಾಟಿದ್ದು ಬೇಗ ಸುಮ್ಮನಾಗಿ ತೇಲುತ್ತದೆ, ಅದು ಖಿನ್ನತೆಯಂತೆ, ಆಮೇಲೆ ಅದರ ಮುಂದೆ ಒಂದು ಗುಂಡಿ, ಒತ್ತಿದರೆ ಸಣ್ಣ ಕೊಳವೆಯಿಂದ ನೇರ ರಕ್ತಕ್ಕೆ ಟಿಕ್ ಅನ್ನುವ ಅಮಲಿನ ಮದ್ದು, ನಮ್ಮ ಮಿಚೆಲ್ಸ್ ಪ್ಲೇನಿನ ಬೀದಿಗಳಲ್ಲಿ ಗಾಜಿನ ಬುರುಡೆಗೆ ಹಾಕಿ ಸೇದುವ ಅದೇ ಹಾಳು ಹರಳು, ತೇಲಿದ ಇಲಿ ಊಟ ಬಿಟ್ಟು ಆ ಗುಂಡಿಯನ್ನೇ ಒತ್ತುತ್ತದೆ. ತಾಯಿ ಎಂಥವಳು ಅನ್ನೋದು ಮುಖ್ಯ ಅಲ್ಲ, ದೂರ ಇದ್ದದ್ದೇ ಸಾಕು ಅಂದಳು ಡಾಕ್ಟರ್.

ಸಾಕಂತೆ, ನಿನಗೇನು ಗೊತ್ತು ಹೆಂಗಸೇ, ಮಗಳು ಬ್ರಾನ್ವಿನ್‌ಗೆ ಮೂರು ತಿಂಗಳು ತುಂಬಿದಾಗ ಅವಳನ್ನು ನನ್ನ ಅಮ್ಮನ ಮಡಿಲಿಗೆ ಹಾಕಿ ಸಿರಿವಂತರ ಸೀ ಪಾಯಿಂಟಿನ ಮೇಡಂ ಮನೆಗೆ ಆಯಾ ಕೆಲಸಕ್ಕೆ ಹೋದೆ, ಹಿತ್ತಿಲ ಕೋಣೆಯಲ್ಲಿ ವಾಸ, ಎರಡು ವಾರಕ್ಕೊಂದು ಭಾನುವಾರ ರಜೆ, ಮೇಡಂ ಮಗು ಅತ್ತರೆ ನನ್ನ ಎದೆಹಾಲು ಸೋರಿ ಅಂಗಿ ಒದ್ದೆ, ಅಯ್ಯೋ ಡೋರೀನ್ ಬಟ್ಟೆ ಬದ್ಲಾಯಿಸ್ಕೋ, ನೆಂಟರು ಬರ್ತಾರೆ. ಮೂರು ಗಂಟೆಯಲ್ಲ ಡಾಕ್ಟರೇ, ಆರು ವರ್ಷ, ಬರೆದುಕೊಳ್ಳಿ. ಹದಿನಾಲ್ಕಕ್ಕೆ ಗೋಡೆಗೆ ಮುಖ ಮಾಡಿ ಮಲಗಿದವಳು ವಾರಗಟ್ಟಲೆ ಏಳಲಿಲ್ಲ, ಏಳೇ ಸೋಮಾರಿ ಅಂತ ಹೊದಿಕೆ ಎಳೆದೆ, ಮಮ್ಮಿ, ನಂಗೆ ಏನೂ ಬೇಡ ಅನ್ನಿಸ್ತಿದೆ ಅಂದಳು, ಬೇಡ ಅಂದ್ರೆ ಎದ್ದು ಪಾತ್ರೆ ತೊಳಿ ಅಂದೆ. ಹದಿನೇಳಕ್ಕೆ ಟಿಕ್, ಇಪ್ಪತ್ತಕ್ಕೆ ಮುಂದಿನ ಹಲ್ಲಿಲ್ಲ, ಹೋದ ಚಳಿಗಾಲ ಬಚ್ಚಲಿನ ನಲ್ಲಿಗಳನ್ನು ಬಿಚ್ಚಿ ಮಾರಿದಳು, ನಾನು ಬಂದು ನೋಡಿದರೆ ಮನೆ ತುಂಬ ನೀರು, ಅಮ್ಮ ಮಂಚದ ಮೇಲೆ ಕಾಲು ಮಡಚಿ ಕೂತು, ಮಗೂನ ಬೈಬೇಡ್ವೇ ಅನ್ನುತ್ತಾಳೆ, ಮಗುವಂತೆ, ಇಪ್ಪತ್ತಾರರ ಮಗು, ಆಗಲೇ ಅವಳ ಚೀಲ ಬೀದಿಗೆ ಎಸೆದೆ, ಬೀದಿಯ ಹೆಂಗಸರೆಲ್ಲ ಬೇಲಿಗೆ ಬಂದು ನಿಂತರು, ನಿಲ್ಲಲಿ, ನಾನೇನು ಅವಳ ಬಾಯಿಗೆ ಬುರುಡೆ ಇಟ್ಟೆನೇ, ದುಡಿದೆ, ಅನ್ನ ಹಾಕಿದೆ, ಈಗ ಈ ಬಿಳಿಯ ಡಾಕ್ಟರು ಪರದೆಯ ಮೇಲೆ ಏರುವ ಗೆರೆ ಎಳೆದು ತೋರಿಸುತ್ತಾಳೆ, ಇಗೋ ಇದೇ ಕೈ ಅಂತ, ಎಲ್ಲರೂ ತಟ್ಟುತ್ತಾರೆ.

ಇವತ್ತಿನ ಮರಿಗಳನ್ನು ತಾಯಿಯಿಂದ ಬಿಡಿಸಿ ಗಡಿಯಾರದಲ್ಲಿ ನಲವತ್ತೇ ನಿಮಿಷ. ಬೆಚ್ಚಗಿನ ಪೆಟ್ಟಿಗೆಯಲ್ಲಿ ಎಂಟು ಮರಿ, ಕೂದಲಿಲ್ಲದ, ಕಣ್ಣು ತೆರೆಯದ ಮಾಂಸದ ಚೂರುಗಳು, ಇವನ್ನು ಕಂಡರೆ ನನಗೆ ಪ್ರೀತಿಯೇನಿಲ್ಲ, ಆದರೂ ಹಾಳೆಯಲ್ಲಿ ಮೂರು ಗಂಟೆ ಅಂತ ಬರೆದೆ, ಸಹಿ ಹಾಕಿದೆ, ಎಂಟನ್ನೂ ತಾಯಿಯ ಪಂಜರಕ್ಕೆ ಸುರಿದೆ, ಇನ್ನು ದಿನಾ ಹೀಗೇ, ನೋಡೋಣ ಡಾಕ್ಟರೇ, ನಿಮ್ಮ ಗೆರೆ ಹೇಗೆ ಏರುತ್ತದೋ. ಗೋಡೆಯ ಫೋನು ಬಡಿದುಕೊಂಡಿತು, ಗೇಟು ಕಾಯುವ ಲುವೂಯೊ, ಆಂಟಿ ಡೋರೀನ್, ನಿಮ್ಮ ಮಗಳಂತೆ, ಬಂದಿದಾಳೆ, ಕಾಲಲ್ಲಿ ಚಪ್ಪಲಿನೂ ಇಲ್ಲ. ಏನ್ ಬೇಕಂತೆ? ಏನೂ ಕೇಳ್ತಿಲ್ಲ ಆಂಟಿ, ಅಮ್ಮನ್ನ ನೋಡ್ಬೇಕು ಅಂತಾಳೆ ಅಷ್ಟೇ. ಇಲ್ಲ ಅನ್ನು, ಮನೆಗೆ ಹೋದ್ಲು ಅನ್ನು. ಆಂಟಿ, ಒಂದ್ ನಿಮಿಷ ಬಂದು — ಇಲ್ಲ ಅನ್ನು ಅಂದ್ನಲ್ಲ, ನಿಂಗೇನು ಕಿವಿ ಕೇಳ್ಸಲ್ವಾ? ಅವನು ಮೆಲ್ಲಗೆ, ನಾನು ಹೇಳೋದೇ ಬೇಕಾಗ್ಲಿಲ್ಲ ಆಂಟಿ, ಇಲ್ಲೇ ಪಕ್ಕದಲ್ಲಿದ್ಲು, ನಿಮ್ಮ ಧ್ವನಿ ಕೇಳಿಸ್ಕೊಂಡ್ಲು, ಹೋದ್ಲು.

ಹೋಗಲಿ, ಈ ಜನವರಿಯ ಕಡುಬೇಸಗೆಯ ಬಿಸಿಲಿನ ಟಾರಿನ ಮೇಲೆ ಬರಿಗಾಲಲ್ಲಿ ಹೋಗಲಿ, ಯಾರು ಬರಹೇಳಿದ್ದರು, ಇವತ್ತೇ ಬರಬೇಕಿತ್ತೇ — ಪಂಜರದಲ್ಲಿ ತಾಯಿ ಇಲಿ ಏಳು ಮರಿಗಳನ್ನು ಒಂದೊಂದಾಗಿ ಕಚ್ಚಿ ಗೂಡಿಗೆ ಸೇರಿಸಿದೆ, ಎಂಟನೆಯದನ್ನು ಬಾಯಲ್ಲಿ ಹಿಡಿದಿದೆ, ಇಡುತ್ತಿಲ್ಲ, ಗೂಡಿನ ತನಕ ಹೋಗುತ್ತದೆ, ತಿರುಗುತ್ತದೆ, ಆ ಮೂಲೆ, ಈ ಮೂಲೆ, ಇಡೇ, ಇಡು ಅದನ್ನ, ಈಗ ಓಡಿದರೆ ರಸ್ತೆಯ ತಿರುವಿನಲ್ಲಿ ಸಿಕ್ಕಾಳು, ಮೆಟ್ಟಿಲು ಹದಿನಾರೇ ಇವೆ, ಕಾಲು ಏಳುತ್ತಿಲ್ಲ, ಆ ಮೂಲೆ, ಈ ಮೂಲೆ, ಬಾಯಲ್ಲಿ ಮರಿ, ಇಡುತ್ತಿಲ್ಲ, ಬಾಯಲ್ಲಿ ಮರಿ