ಚೀಲ ಒಂದು, ಮೀಸೆ ಅರ್ಧ

ನಮ್ಮ ಮನೆಯವರು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಆದರೆ ಹೊಲಿಗೆಗಿಂತ ಅವರ ಮೀಸೆಯೇ ಹೆಸರುವಾಸಿ. ಸುಳ್ಳೇಕೆ ಹೇಳಲಿ, ನಾನು ಮದುವೆಗೆ ಒಪ್ಪಿದ್ದೇ ಆ ಮೀಸೆ ನೋಡಿ. ಮನುಷ್ಯ ಹೇಗೆ ಅಂತ ವಿಚಾರಿಸಿದ್ದು ಆಮೇಲೆ. ಅಷ್ಟರಲ್ಲಿ ಕಾಲ ಮಿಂಚಿತ್ತು.

ಹೋದ ವರ್ಷ ಒಂದು ಮಧ್ಯಾಹ್ನ ಬೀದಿಯ ಚರಂಡಿ ಕಟ್ಟಿಕೊಂಡು, ಕೊಳಚೆ ನೀರು ಸೀದಾ ಅಂಗಡಿಗೆ ನುಗ್ಗಿತು. ಕೆಳಗಿನ ಹಲಗೆಯ ಮೇಲೆ ಇಸ್ತ್ರಿ ಮಾಡಿಟ್ಟಿದ್ದ ಹದಿನೇಳು ಪ್ಯಾಂಟು ಹಾಳಾದವು. ಕೋಲು ಹಾಕಿ ಎಳೆದರೆ ಚರಂಡಿಯಿಂದ ಬಂದದ್ದೆಲ್ಲ ಪ್ಲಾಸ್ಟಿಕ್ ಕವರು. ಅದರಲ್ಲಿ ಅರ್ಧ ನಮ್ಮ ಮನೆಯವೇ ಇರಬೇಕು. ಇವರಿಗೆ ಪಿತ್ತ ನೆತ್ತಿಗೇರಿತು. ಬೀದಿ ಮಧ್ಯೆ ನಿಂತು ಕೂಗಿದರು: "ಇನ್ಮೇಲೆ ನಾನು ಒಂದೇ ಒಂದು ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಈ ಬೀದೀಲಿ ಬಂದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ!"

ಎಲ್ಲರೂ ಮಾತಿಗೆ ಹಾಗೆ ಹೇಳುತ್ತಾರೆ. ಬೋಳಿಸಿಕೊಂಡವರನ್ನು ನಾನಂತೂ ಕಂಡಿಲ್ಲ. ಆದರೆ ಎದುರುಗಡೆಯ ಕಟಿಂಗ್ ಶಾಪ್‌ನವ ಬಾಗಿಲಲ್ಲೇ ನಿಂತಿದ್ದ.

"ಕೇಳಿಸ್ಕೊಂಡ್ರಲ್ಲಪ್ಪಾ ಎಲ್ರೂ? ಕುರ್ಚಿ ಖಾಲಿ ಇಟ್ಟಿರ್ತೀನಿ ಅಣ್ಣ!"

ಇವರ ಮರೆವು ನನಗೆ ಗೊತ್ತಿಲ್ಲವೇ? ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡೇ, "ಶೂಜಿ ಎಲ್ಲಿಟ್ಟೆ?" ಎಂದು ನನ್ನನ್ನು ಗದರುವ ಮನುಷ್ಯ! ಆ ಮೀಸೆ ಹೋದರೆ ನನಗೆ ಉಳಿಯುವುದಾದರೂ ಏನು?

ಅಂದೇ ಸಂಜೆ ಚೂರುಬಟ್ಟೆಯಲ್ಲಿ ಹನ್ನೆರಡು ಚೀಲ ಹೊಲಿದರು. ಒಂದಕ್ಕಂತೂ ಕೋಟಿನ ಹಾಗೆ ಒಳಜೇಬು ಬೇರೆ. ಎಲ್ಲವನ್ನೂ ಮೊಳೆಗೆ ನೇತುಹಾಕಿ, ಮರುದಿನ ಬೆಳಿಗ್ಗೆ ಕೈ ಬೀಸಿಕೊಂಡು ದಿನಸಿ ಅಂಗಡಿಗೆ ಹೋದರು. ಬರುವಾಗ ಎಂಟು ಮೊಟ್ಟೆ ಪ್ಯಾಂಟಿನ ಜೇಬುಗಳಲ್ಲಿ. "ನೋಡೇ, ಕವರ್ ಮುಟ್ಲೇ ಇಲ್ಲ!" ಎಂದು ಜಂಬದಿಂದ ಕುರ್ಚಿಯಲ್ಲಿ ಕೂತರು. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ದಿನ ಅಂಗಿಯ ತುದಿ ಎತ್ತಿ ಹಿಡಿದು, ಅದರ ತುಂಬ ಟೊಮೆಟೊ ಹೇರಿಕೊಂಡು, ಹೊಟ್ಟೆ ಬಿಟ್ಟುಕೊಂಡು ಬರುತ್ತಿದ್ದರು. ಎದುರಾದ ಮೇಷ್ಟ್ರಿಗೆ ನಮಸ್ಕಾರ ಎಂದು ಕೈ ಎತ್ತಿ, ಅಷ್ಟನ್ನೂ ಅವರ ಕಾಲಿಗೆ ಸುರಿದರು.

ಕಟಿಂಗ್ ಶಾಪ್‌ನವ ಇದನ್ನೆಲ್ಲ ನೋಡುತ್ತ ಕತ್ತಿ ಮಸೆಯುತ್ತಿದ್ದ. ನಮ್ಮ ಮೇಲೆ ದ್ವೇಷವೇನೂ ಇಲ್ಲ, ನಿಜವಾಗಿಯೇ ಕತ್ತಿ ಮಸೆಯುತ್ತಿದ್ದ.

ನಾನು ಸುಮ್ಮನಿರುತ್ತೇನೆಯೇ? ಚೀಲವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿದೆ. ಅಡ್ಡವಾಗುತ್ತೆ ಎಂದು ತೆಗೆದು ನನ್ನ ಕೈಗೇ ಕೊಟ್ಟು ಹೋದರು. ಚಪ್ಪಲಿಯ ಮೇಲಿಟ್ಟೆ. ಅದರಲ್ಲಿ ಚೆನ್ನಾಗಿ ಕಾಲು ಒರೆಸಿಕೊಂಡು ಹೋದರು. ಕೊನೆಗೆ ಸಾಮಾನಿನ ಚೀಟಿಯಲ್ಲಿ, ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ ‘ಚೀಲ’ ಎಂದು ಬರೆದೆ. ಬಿಚ್ಚಿ ಓದಿದ ಕೂಡಲೇ ನೆನಪಾಗಿ, ಅರ್ಧ ದಾರಿಯಿಂದಲಾದರೂ ವಾಪಸು ಬರಲಿ ಎಂದು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಇವರು ಚೀಟಿ ಬಿಚ್ಚಲೇ ಇಲ್ಲ. ಮಡಚಿದ್ದನ್ನು ಹಾಗೇ ಅಂಗಡಿಯವರಿಗೆ ಕೊಟ್ಟು ಹರಟೆಗೆ ನಿಂತರು. ಅಂಗಡಿಯವರು ಪಾಪ, ಒಂದು ಸಾಲೂ ಬಿಡದೆ ಓದುವವರು. ಚೀಲ. ಸಕ್ಕರೆ ಒಂದು ಕಿಲೋ. ಸೋಪು ಎರಡು. ದೊಡ್ಡದೊಂದು ಹೊಸ ಪ್ಲಾಸ್ಟಿಕ್ ಚೀಲ ತೆಗೆದು, ಮಿಕ್ಕಿದ್ದನ್ನೆಲ್ಲ ಅದರೊಳಗೇ ತುಂಬಿ ಕೊಟ್ಟರು. ಇವರು ಅದನ್ನು ಹಿಡಿದು ಸಿಳ್ಳೆ ಹಾಕುತ್ತ ಬೀದಿಗೆ ಬಂದರು.

"ಅಣ್ಣಾ! ಕೈಯಲ್ಲೇನದು?"

ಸಿಳ್ಳೆ ನಿಂತಿತು.

ನಾನು ಎದ್ದೆನೋ ಬಿದ್ದೆನೋ ಎಂದು ಓಡಿದೆ. "ಅಯ್ಯೋ, ತಪ್ಪು ನಂದು ಕಣಪ್ಪಾ! ಚೀಟೀಲಿ ಬರ್ದಿದ್ದು ನಾನು!"

"ನಿಮ್ಗೆ ಮೀಸೆ ಇದ್ದಿದ್ರೆ ನಿಮ್ದೇ ತೆಗೀತಿದ್ದೆ ಅಕ್ಕ," ಎಂದ ಕಟಿಂಗ್ ಶಾಪ್‌ನವ.

ಇವರು ಚೀಲವನ್ನು ನನ್ನ ಕೈಗೆ ಕೊಟ್ಟು, ಹೋಗಿ ಕುರ್ಚಿಯಲ್ಲಿ ಕೂತರು. "ಹೇಳಿದ್ಮೇಲೆ ಮುಗೀತು. ಎಡಗಡೇದು ತೆಗಿಯಪ್ಪ."

ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಬಲಗಡೆ ನನ್ನ ಗಂಡ ಇದ್ದರು, ಎಡಗಡೆ ಯಾರೋ ಪರಿಚಯವೇ ಇಲ್ಲದ ಮನುಷ್ಯ. ನಿಜಕ್ಕೂ ಅಳು ಬಂತು. ಅಳುವ ನಡುವೆ ನಗು ಬಂದು, ಅದೂ ಕೆಟ್ಟಿತು.

"ಇನ್ನರ್ಧಾನೂ ತೆಗೆಸ್ಬಿಡ್ರೀ, ನೋಡೋಕಾಗಲ್ಲ."

"ಅರ್ಧ ಅಂದಿದ್ದೆ. ಅರ್ಧಾನೇ."

ಆಮೇಲೆ ಚೀಲ ಮರೆಯಲು ಇವರನ್ನು ಯಾರು ಬಿಟ್ಟರು? ಎದುರಾದವರೆಲ್ಲ ಮೊದಲು ಮುಖ ನೋಡುವುದು, ಆಮೇಲೆ ಕೈ ನೋಡುವುದು. "ಚೀಲ ತಂದ್ರಾ ಟೈಲರಣ್ಣ?" ಅಳತೆ ಕೊಡಲು ಬಂದವರದೂ ಅದೇ ಪ್ರಶ್ನೆ. ನಾಚಿಕೆಗಾದರೂ ಚೀಲ ಕೈಬಿಡಲಿಲ್ಲ. ನನಗೆ ಮಾತ್ರ ಒಳಗೊಳಗೇ ಭಯ. ಮೀಸೆ ಪೂರ್ತಿ ಬಂದ ಮೇಲೆ ಯಾರೂ ಕೇಳುವುದಿಲ್ಲ, ಇವರು ಮರೆಯುತ್ತಾರೆ, ಮತ್ತೆ ಹೋಯಿತು ಅರ್ಧ!

ಎರಡು ತಿಂಗಳಿಗೆ ಎರಡೂ ಕಡೆ ಸಮವಾಯಿತು. ಅಂದು ನಾನು ಬೇಕೆಂದೇ ಬಾಯಿ ಬಿಗಿಹಿಡಿದು ನಿಂತೆ. ಇವರು ಬರಿಗೈಲಿ ಮೆಟ್ಟಿಲಿಳಿದರು. ಮುಗೀತು ಕಥೆ ಅಂದುಕೊಂಡೆ. ಕೊನೆಯ ಮೆಟ್ಟಿಲಲ್ಲಿ ಅವರ ಕೈ ತಾನಾಗಿ ಎಡಮೀಸೆಗೆ ಹೋಯಿತು. ಹೊಸದಾಗಿ ಬಂದದ್ದಲ್ಲವೇ, ಸವರಿ ನೋಡುವ ಚಟ ಅಂಟಿತ್ತು. ಸವರಿದವರು ಗಕ್ಕನೆ ನಿಂತು, ವಾಪಸು ಬಂದು, ಮೊಳೆಯಿಂದ ಚೀಲ ತೆಗೆದುಕೊಂಡು ಹೋದರು. ಅಂದಿನಿಂದ ದಿನವೂ ಹಾಗೆಯೇ, ಮೀಸೆ ಸವರಿ ಚೀಲ ತೆಗೆಯುವುದು. ಹೊಸಬರು ನೋಡಿ, ಈ ಟೈಲರ್‌ಗೆ ಎಷ್ಟು ಕೊಬ್ಬು ಅನ್ನುತ್ತಾರೆ. ಅನ್ನಲಿ ಬಿಡಿ. ನನಗೆ ನನ್ನ ಮೀಸೆ ಉಳಿದರೆ ಸಾಕು.

ಇವರದೇನೋ ಆಯಿತು. ನಿನ್ನೆ ನಾನು ಬ್ರೆಡ್ ತರಲು ದಡಬಡ ಹೊರಟವಳು, ಬೀದಿ ನಡುವೆ ಏನೋ ಬಿಟ್ಟು ಬಂದಂತಾಗಿ ನಿಂತೆ. ನೋಡಿದರೆ ನನ್ನ ಕೈ ನನ್ನ ಮೇಲ್ದುಟಿಯನ್ನು ಸವರುತ್ತಿದೆ, ಅದೂ ಎಡಗಡೆ!

"ಅಕ್ಕಾ," ಎಂದು ಕಟಿಂಗ್ ಶಾಪ್‌ನವ ಬೀದಿಗೆಲ್ಲ ಕೇಳುವಂತೆ ಕೂಗಿದ, "ನಿಮ್ದೂ ಚೆನ್ನಾಗಿ ಬರ್ತಾ ಇದೆ!"

ಅವನ ಬಾಯಿಗಿಷ್ಟು ಮಣ್ಣು ಹಾಕ. ಮನೆಗೆ ಹೋಗಿ ಚೀಲ ತಂದೆ.