ಅಮೃತಾ ಗಂ. ಹಾಲೇಶ

ಅಣ್ಣನ ಹೆಂಡತಿ, ನಮ್ಮ ಭವಾನಿ ವೈನಿಗೆ ಮಗಳು ಆರ್ವಿಯ ಎರಡನೆಯ ಹುಟ್ಟುಹಬ್ಬಕ್ಕೆ ಥೀಮ್ ಬೇಕಿತ್ತು. ಗಂಗಾವತಿಯಲ್ಲಿ ಎಲ್ಲರೂ ಕಾಡು ಮಾಡಿ ಮುಗಿಸಿದ್ದಾರೆ, ಹುಲಿ ಸಿಂಹ ನೋಡಿ ಸಾಕಾಗಿದೆ, ಹೊಸದೇನಾದರೂ ಹೇಳು ಅಂದಳು. ಸಾಣಾಪುರದ ಕೆರೆ, ತೆಪ್ಪ ಅಂತ ಹೇಳಿದೆ. ಹೇಳಿದ್ದೇ ತಪ್ಪು, ಆಮಂತ್ರಣ ಬರೆಯುವುದೂ ನನ್ನ ಕೊರಳಿಗೆ ಬಿತ್ತು. ಗಂಡನನ್ನು ಬಿಟ್ಟು ಬಂದು ಅಣ್ಣನ ಮನೆಯಲ್ಲಿ ಕೂತವಳಿಗೆ ಬೇರೆ ಏನು ಕೆಲಸ ಅನ್ನುವುದು ವೈನಿಯ ಅಂಬೋಣ. ದಿನಾ ಶಾಲೆಗೆ ಹೋಗಿ ನಲವತ್ತು ಮಕ್ಕಳಿಗೆ ಪಾಠ ಹೇಳುವುದು ಅವಳ ಕಣ್ಣಿಗೆ ಕೆಲಸವೇ ಅಲ್ಲ.

ಆದರೂ ಕೂಸಿನ ಮೇಲಿನ ಆಸೆಗೆ ಬರೆದೆ. ಆರ್ವಿಯೇ ಮಾತಾಡುವ ಹಾಗೆ ಬರೆದೆ: “ನನಗ ಈಸಾಕ ಬರೂದಿಲ್ಲ, ಹುಟ್ಟು ಹಾಕಾಕ ಬರೂದಿಲ್ಲ. ನೀವೆಲ್ಲಾ ಬಂದ್ರ ನನ್ನ ತೆಪ್ಪ ತೇಲತೈತಿ.” ಕೊನೆಯಲ್ಲಿ ಆರತಿ ಎತ್ತುವ ಸೋದರತ್ತೆಯ ಹೆಸರು ಇರಲೇಬೇಕಲ್ಲ, ಅಲ್ಲಿ ಬರೀ ಅಮೃತಾ ಅಂತ ಹಾಕಿದೆ.

ಮರುದಿನ ಸಂಜೆ ಪ್ರಿಂಟಿಂಗ್ ಅಂಗಡಿಗೆ ಹೋದರೆ ಖಾಜಾಸಾಬ ಕಾರ್ಡಿನ ಕಟ್ಟು ಮುಂದಿಟ್ಟ. ಸೋದರತ್ತೆಯ ಸಾಲಿನಲ್ಲಿ ಹೀಗಿತ್ತು: ಸೌ. ಅಮೃತಾ ಗಂ. ಹಾಲೇಶ.

ಗಂ. ಅಂದರೆ ಗಂಡ. ರೇಷನ್ ಕಾರ್ಡಿನಿಂದ ಕೋರ್ಟಿನ ಕಾಗದದವರೆಗೆ ನಮ್ಮ ಕಡೆ ಹೆಂಗಸಿನ ಹೆಸರಿಗೆ ಇದೊಂದು ಬಾಲ. ಈ ಹಾಲೇಶ ನನ್ನ ಎಡಗೈ ಮುರಿದು, ಬಚ್ಚಲಲ್ಲಿ ಜಾರಿ ಬಿದ್ದಳು ಅಂತ ದವಾಖಾನೆಯಲ್ಲಿ ಹೇಳಿದವನು.

“ನಿಮ್ಮ ಅಣ್ಣಾರ ಫೋನ್ ಮಾಡಿ ಸೇರಿಸ್ಯಾರ್ರಿ ಟೀಚರ,” ಅಂದ ಖಾಜಾಸಾಬ. “ಮುಂಜಾನಿ ಹತ್ತು ಕಾರ್ಡ್ ಒಯ್ದಾರ.”

ಮೈ ಉರಿದುಹೋಯಿತು. ಮನೆಗೆ ಬಂದವಳೇ ಕಾರ್ಡನ್ನು ಸಿದ್ದೇಶಣ್ಣನ ಮುಂದೆ ಒಗೆದೆ.

“ಅವನ ಹೆಸರು ಯಾಕ ಹಾಕ್ಸಿದಿ?”

ಅಣ್ಣ ಟಿವಿಯಿಂದ ಕಣ್ಣು ತೆಗೆಯಲಿಲ್ಲ. “ಬರೇ ಅಮೃತಾ ಅಂದ್ರ ಮಂದಿ ಕೇಳ್ತಾರ. ಕಾರ್ಡಿನ್ಯಾಗ ಹೆಸರಿದ್ದವರಿಗೆ ಮೊದ್ಲು ಕೊಡಬೇಕಲ್ಲ, ಯಲಬುರ್ಗಾಕ್ಕ ಹೋಗಿ ಹಾಲೇಶಗ ಕೊಟ್ಟು ಬಂದೀನಿ. ಬರ್ತೀನಿ ಅಂದಾನ.”

ಕಾರ್ಡಿನಲ್ಲಿ ಹೆಸರಿದ್ದವನು ಬರದಿದ್ದರೆ ತಪ್ಪು, ಬಂದವನನ್ನು ಒಳಗೆ ಕರೆಯದಿದ್ದರೆ ತಪ್ಪು. ಈ ಪದ್ಧತಿ ಅಣ್ಣನಿಗೆ ಚೆನ್ನಾಗಿ ಗೊತ್ತಿತ್ತು.

ಅಡುಗೆಮನೆಯಿಂದ ವೈನಿ ಹೊರಬಂದಳು. “ಬಂದಾಗ ನಿನ್ನೂ ಕರ್ಕೊಂಡು ಹೋಗ್ತಾನ. ಮಂದಿ ಎದುರು ಆರತಿ ಹಿಡ್ದು ನಿಂತಾಗ ಒಲ್ಲೆ ಅನ್ನಾಕ ಆಗತೈತೇನು?”

ಕೂಸಿನ ಹುಟ್ಟುಹಬ್ಬದಲ್ಲಿ ನನ್ನನ್ನು ಸಾಗಹಾಕಲು ಇವರು ಮುಹೂರ್ತ ಇಟ್ಟಿದ್ದರು, ಅದರ ಕಾರ್ಡು ನನ್ನ ಕೈಯಿಂದಲೇ ಬರೆಸಿದ್ದರು. ಹುಟ್ಟುಹಬ್ಬಕ್ಕೆಂದು ವೈನಿ ಮಾಡಿದ್ದ ವಾಟ್ಸಾಪ್ ಗುಂಪು ತೆಗೆದೆ. ನೂರಾ ಹದಿನೆಂಟು ಮಂದಿ ಬಂಧುಬಳಗ, ಅವತ್ತು ಮಧ್ಯಾಹ್ನ ಹಾಲೇಶನನ್ನೂ ಸೇರಿಸಿದ್ದರು. ಅಲ್ಲಿಯೇ ನಿಂತು ಬರೆದೆ:

“ಹಾಲೇಶ, ಅಣ್ಣ ಕೊಟ್ಟ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ನಿನ್ನ ಹೆಸರು ಹಾಕಿದ್ದು ತಪ್ಪು. ಹುಟ್ಟುಹಬ್ಬಕ್ಕೆ ನೀನು ಬರಬೇಡ. ಬಂದರೆ ನನ್ನ ಕೈ ಹೇಗೆ ಮುರಿಯಿತು ಅಂತ ಊಟಕ್ಕೆ ಕೂತವರಿಗೆಲ್ಲ ಹೇಳಿ ಆಮೇಲೆ ಆರತಿ ಎತ್ತುತ್ತೇನೆ. ಇಂತಿ, ಅಮೃತಾ.”

ಅಣ್ಣನ ಫೋನು ಸದ್ದು ಮಾಡಿತು. ಓದಿದವನೇ ಎದ್ದು ನಿಂತ.

“ಅಳಸು. ಮೊದ್ಲು ಅಳಸು.”

“ಅಳಸಂಗಿಲ್ಲ.”

“ಮರ್ಯಾದಿ ಐತೋ ಇಲ್ಲೋ ನಿನಗ?”

“ಐತಿ. ಅದಕ್ಕ ಬರದೀನಿ.”

“ನನ್ನ ಮಗಳ ಫಂಕ್ಷನ್ ಕೆಡಿಸಿದಿ,” ಅಂದಳು ವೈನಿ. “ನಿನ್ನ ಬಾಯಾಗ ಮಣ್ಣು ಬೀಳಲಿ.”

ಬೀಳಲಿ ಅಂತ ಫೋನು ನೋಡುತ್ತ ನಿಂತೆ. ಒಬ್ಬೊಬ್ಬರೇ ಓದುತ್ತಿದ್ದರು. ಐದು ನಿಮಿಷಕ್ಕೆ ಗುಂಪಿನಲ್ಲಿ ಬೂದು ಬಣ್ಣದ ಒಂದು ಸಾಲು ಬಂತು: ಹಾಲೇಶ ಗುಂಪು ತೊರೆದಿದ್ದಾರೆ.

ಆರು ವರ್ಷ ಅವನ ಜೊತೆ ಬಾಳುವೆ ಮಾಡಿದೆ. ನಾನು ಬೇಡ ಅಂದದ್ದಕ್ಕೆ ಅವನು ಹಿಂದೆ ಸರಿದದ್ದು ಅವತ್ತೇ ಮೊದಲು.